ಅಕ್ಕೋರ ಗುಡಾರ

ಅಕ್ಕೋರು ತೀರಿಕೊಂಡು ಸ್ವಲ್ಪ ದಿನಗಳಾದ ಮೇಲೆ ರಬಕವಿಯ ಅವರ ಪ್ರಾರ್ಥನಾ ಮಂದಿರದ ಹಿರಿಯರೊಬ್ಬರು ಫೋನ್ ಮಾಡಿ, "ಸರ್, ಆ ಸಾಮಾನು ಏನ ಮಾಡೂದ್ರಿ? ಹಿಂದಿನ ಖೋಲಿ ತುಂಬ ಅದಾವು" ಎಂದರು. ನಾನು ಅವರ ಮಂದಿರದವನಲ್ಲ. ಚಿಮ್ಮಡದ ಕುರುಬರ ಮನೆಯವನು, ಬೀರೇಶ್ವರನ ಒಕ್ಕಲು. ಆದರೂ ಸಾಮಾನಿನ ಮಾತು ಬಂದಾಗ ಅವರಿಗೆ ನನ್ನ ನೆನಪಾದದ್ದು ಸಹಜವೇ. ಅದರಲ್ಲಿ ಅರ್ಧದಷ್ಟನ್ನು ಬೈಕಿನ ಹಿಂದೆ ಕಟ್ಟಿಕೊಂಡು ತಂದವನು ನಾನು.

ಹೋಗಿ ನೋಡಿದೆ. ಬಂಗಾರ ಬಣ್ಣದ ಬೇಗಡೆ ಹಾಳೆ ಅಂಟಿಸಿದ ಜಾಲಿ ಕಟ್ಟಿಗೆಯ ಪೆಟ್ಟಿಗೆ, ಅದರ ಮುಚ್ಚಳದ ಮೇಲೆ ರೆಕ್ಕೆ ಚಾಚಿದ ಇಬ್ಬರು ಮಣ್ಣಿನ ದೇವದೂತರು, ಹೊರಲು ಅತ್ತಿತ್ತ ಎರಡು ಕೋಲು. ಪೈಪಿನ ದೀಪಸ್ತಂಭ. ಬಲಿಪೀಠ. ರೊಟ್ಟಿ ಇಡುವ ಮೇಜು. ಧೂಪದ ಪೀಠ. ಕೈಕಾಲು ತೊಳೆಯುವ ತಾಮ್ರದ ಬೋಗುಣಿ. ಮೂಲೆಯಲ್ಲಿ ನಮ್ಮ ಕಾಕಾ ಕೊಟ್ಟ ಕರಿ ಕಂಬಳಿ, ಮಡಿಕೆಗಳಲ್ಲಿ ನುಸಿ ಹಿಡಿದಿತ್ತು. ಎಲ್ಲ ಇದ್ದವು, ಪೆಟ್ಟಿಗೆಯ ಮುಂದೆ ಕಟ್ಟುತ್ತಿದ್ದ ತೆರೆ ಒಂದೇ ಇರಲಿಲ್ಲ. ಅದು ಎಲ್ಲಿ ಹೋಯಿತು ಎಂದು ಹಿರಿಯರಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಆ ಮಾತು ತೆಗೆಯಲಿಲ್ಲ.

ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ನಮ್ಮ ಹೈಸ್ಕೂಲಿನಲ್ಲಿ ಅಕ್ಕೋರು ಎನಿಸಿಕೊಂಡವರು ಬಹಳ ಜನ ಆಗಿಹೋದರು. ಆದರೆ ಮುಂದೆ ಹಿಂದೆ ಏನೂ ಸೇರಿಸದೆ ಬರೇ ಅಕ್ಕೋರು ಎಂದರೆ ಇವರೊಬ್ಬರೇ. ಅವರಿಗೂ ಒಂದು ಹೆಸರಿತ್ತು. ಅದನ್ನು ಇಲ್ಲಿ ಬರೆದರೆ, "ಯಾಕ ಬೇಕಾಗಿತ್ರಿ ಸರ್ ಇದೆಲ್ಲ?" ಎಂದು ಚಷ್ಮಾದ ಮೇಲಿನಿಂದ ನೋಡುತ್ತಿದ್ದರು. ಹಾಗಾಗಿ ಬರೆಯುವುದಿಲ್ಲ.

ಅವರು ಸಮಾಜ ವಿಜ್ಞಾನ ಕಲಿಸುತ್ತಿದ್ದರು, ನಾನು ವಿಜ್ಞಾನ. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಕುರ್ಚಿ ಅಕ್ಕಪಕ್ಕ. ಗಿಡ್ಡ ಆಳು, ಬಿಳಿ ಇಲ್ಲವೆ ಬೂದು ಬಣ್ಣದ ಸೀರೆ, ಬಿಸಿಲಿರಲಿ ಮೋಡವಿರಲಿ ಕೈಯಲ್ಲಿ ಕರಿ ಛತ್ರಿ. ಮಳೆ ಬಂದಾಗ ಅದನ್ನು ಬಿಚ್ಚಿದ್ದು ನಾನು ನೋಡಿಲ್ಲ. ನಮ್ಮೂರಲ್ಲಿ ಮಳೆ ಬರುವುದೇ ಅಪರೂಪ ಎನ್ನುವುದು ಒಂದು ಕಾರಣ, ಅವರಿಗೆ ಛತ್ರಿ ಬೇಕಾಗಿದ್ದದ್ದು ಬೇರೆ ಕೆಲಸಕ್ಕೆ ಎನ್ನುವುದು ಇನ್ನೊಂದು. ಏನನ್ನು ತೋರಿಸಬೇಕಾದರೂ ಅದರ ತುದಿಯಿಂದ ತೋರಿಸುತ್ತಿದ್ದರು. ತಡವಾಗಿ ಬಂದ ಹುಡುಗನನ್ನು, ಬೋರ್ಡಿನ ಮೇಲಿನ ತಪ್ಪನ್ನು, ಹೆಡ್‌ಮಾಸ್ತರರು ಎಲ್ಲಿ ಹೋದರು ಎಂಬುದನ್ನು. ನಮ್ಮ ಸಾಲಿಯ ಭೂಪಟದಲ್ಲಿ ದಿಲ್ಲಿ ಇದ್ದ ಜಾಗದಲ್ಲಿ ಒಂದು ತೂತು ಬಿದ್ದಿತ್ತು.

ಅವರ ಬಾಯಲ್ಲಿ ಒಂದು ಮಾತು ನಿಂತುಬಿಟ್ಟಿತ್ತು. "ಇದು ನೆರಳ್ರಿ ಸರ್. ವಸ್ತು ಬ್ಯಾರೆ ಐತಿ." ಇದರ ಮೂಲ ಅವರ ಧರ್ಮದ ಪಾಠದಲ್ಲಿತ್ತು. ಬಹಳ ಹಿಂದೆ ಇಸ್ರಾಯೇಲರು ಮರಳುಗಾಡಿನಲ್ಲಿ ಅಲೆಯುತ್ತಿದ್ದಾಗ ಅವರಿಗೆ ಗುಡಿಯಿರಲಿಲ್ಲ. ಒಂದು ಗುಡಾರ ಹಾಕಿ ಅದರಲ್ಲಿ ದೇವರನ್ನು ಪೂಜಿಸಿ, ಮುಂದಿನ ತಾಣಕ್ಕೆ ಹೊರಡುವಾಗ ಮಡಚಿ ಹೊತ್ತುಕೊಂಡು ಹೋಗುತ್ತಿದ್ದರು. ಆ ಗುಡಾರದ ಒಂದೊಂದು ಸಾಮಾನೂ ಮುಂದೆ ಬರಲಿದ್ದ ಯೇಸುವಿನ ನೆರಳು ಎಂದು ಕ್ರೈಸ್ತರು ತಿಳಿಯುತ್ತಾರೆ. ಬಾಗಿಲ ಬಳಿಯ ಬಲಿಪೀಠ ಶಿಲುಬೆಯ ನೆರಳು. ಬೋಗುಣಿ ಪಾಪ ತೊಳೆಯುವುದರ ನೆರಳು. ಮೇಜಿನ ರೊಟ್ಟಿ, ಸ್ತಂಭದ ದೀಪ, ಪೀಠದ ಧೂಪ, ಎಲ್ಲವಕ್ಕೂ ಒಂದೊಂದು ಅರ್ಥ. ಅಕ್ಕೋರು ಈ ಮಾತನ್ನು ಭಾನುವಾರದ ಪಾಠಕ್ಕೆ ಬಿಟ್ಟು ಬರುತ್ತಿರಲಿಲ್ಲ, ಸಾಲಿಗೂ ತರುತ್ತಿದ್ದರು. ಒಮ್ಮೆ ಸಾಹೇಬರ ತಪಾಸಣೆ ಇದೆಯೆಂದು ರಾತ್ರೋರಾತ್ರಿ ಗೋಡೆಗೆ ಸುಣ್ಣ ಬಳಿದು, ಬಾಗಿಲಿಗೆ ತೋರಣ ಕಟ್ಟಿದ್ದರು. ಅಕ್ಕೋರು ಒಂದು ಸುತ್ತು ಹೊಡೆದು ಬಂದು ಕುರ್ಚಿಯಲ್ಲಿ ಕೂತು, "ನೆರಳು ಭಾಳ ಛಲೋ ಬಂದೈತ್ರಿ. ವಸ್ತು ಎಲ್ಲಿ ಐತಿ?" ಎಂದರು. ಹೆಡ್‌ಮಾಸ್ತರರು ಎರಡು ದಿನ ಅವರ ಕೂಡ ಮಾತಾಡಲಿಲ್ಲ.

ಭಾನುವಾರ ಪಾಠಕ್ಕೆ ಬರುವ ಮಕ್ಕಳಿಗೆ ಬಾಯಿಮಾತಿನಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲವೆಂದು ಅವರು ಆ ಗುಡಾರದ ಸಾಮಾನನ್ನೆಲ್ಲ ಅರ್ಧ ಅಳತೆಯಲ್ಲಿ ಮಾಡಿಸಲು ಹಿಡಿದರು. ಇದು ವರ್ಷಗಟ್ಟಲೆ ನಡೆದ ಕೆಲಸ. ಗಂಡ ಬಸ್ ಕಂಡಕ್ಟರ್ ಆಗಿದ್ದವರು ಬೇಗ ಹೋಗಿಬಿಟ್ಟಿದ್ದರು. ಒಬ್ಬಳೇ ಮಗಳು ಮುಧೋಳದ ದವಾಖಾನೆಯಲ್ಲಿ ನರ್ಸ್. ಸಂಜೆ ಹೊತ್ತಿಗೆ ಅಕ್ಕೋರಿಗೆ ಬೇರೆ ಕೆಲಸವಿರಲಿಲ್ಲ, ನನಗೆ ಇತ್ತು. ಆದರೂ ಅವರು ಛತ್ರಿ ಎತ್ತಿ ನನ್ನ ಬೈಕನ್ನು ತೋರಿಸಿದರೆ ಇಲ್ಲ ಎನ್ನುವ ಧೈರ್ಯ ನನಗಿರಲಿಲ್ಲ.

ದೇವರ ಆಜ್ಞೆಗಳನ್ನು ಇಟ್ಟಿದ್ದ ಪೆಟ್ಟಿಗೆ ಜಾಲಿಮರದ್ದು ಎಂದು ಅವರ ಗ್ರಂಥದಲ್ಲಿದೆ. ಇದು ಅಕ್ಕೋರಿಗೆ ಎಲ್ಲಿಲ್ಲದ ಸಂತೋಷ ಕೊಟ್ಟಿತ್ತು. ಬೀಳಗಿ ಕಡೆಯ ಒಬ್ಬ ಹಳೆಯ ವಿದ್ಯಾರ್ಥಿಯ ಹೊಲದ ಬದುವಿನಿಂದ ಒಂದು ಒಳ್ಳೆಯ ಜಾಲಿ ಬೊಡ್ಡೆ ತರಿಸಿ, ಜಮಖಂಡಿಯ ಬಡಿಗೇರನ ಅಂಗಡಿಗೆ ನಾನೇ ಮುಟ್ಟಿಸಿದೆ. ಅವನು ಅದನ್ನು ಕಾಲಿನಿಂದ ಸರಿಸಿ ನೋಡಿ, "ಅಕ್ಕೋರ, ಇದು ಒಲಿಗೆ ಹಾಕೂ ಕಟಗಿರಿ. ದೇವರ ಪೆಟಗಿ ಅಂತೀರಿ, ಸಾಗವಾನಿ ತರ್ರಿ" ಎಂದ.

"ಸಾಗವಾನಿ ಆದ್ರ ನೆರಳ ತಪ್ಪತೈತಿ" ಎಂದರು ಅಕ್ಕೋರು. "ಮ್ಯಾಲ ಬಂಗಾರ, ಒಳಗ ಮುಳ್ಳಿನ ಗಿಡದ ಕಟಗಿ. ಬಂಗಾರ ಅಂದ್ರ ದೇವರು, ಕಟಗಿ ಅಂದ್ರ ಮನಷ್ಯಾ. ಎರಡೂ ಒಬ್ಬನೊಳಗ ಕೂಡಿದ್ದು ತೋರಿಸಬೇಕು. ನಿನಗ ತಿಳೀತೋ ಇಲ್ಲೋ?"

"ತಿಳೀತ್ರಿ. ಆದ್ರ ನನ್ನ ಗರಗಸ ಹೋಕ್ಕೈತಿ" ಎಂದ ಬಡಿಗೇರ. ಗರಗಸ ಹೋಗಿದ್ದೂ ಖರೆ.

ಅಳತೆಯದು ಇನ್ನೊಂದು ಫಜೀತಿ. ಗ್ರಂಥದಲ್ಲಿ ಎಲ್ಲ ಮೊಳದ ಲೆಕ್ಕ. ಅಕ್ಕೋರು ತಮ್ಮ ಮೊಳಕೈ ಇಟ್ಟು ಹೇಳಿ ಬಂದಿದ್ದರು, ಬಡಿಗೇರ ತನ್ನ ಮೊಳಕೈ ಇಟ್ಟು ಕೊಯ್ದಿದ್ದ. ಅವನು ಆರಡಿ ಆಳು. ಅದೇ ಅಳತೆ ಕೇಳಿಕೊಂಡು ಧೂಪದ ಪೀಠ ಮಾಡಿದವನು ಅಕ್ಕೋರಿಗಿಂತ ಗಿಡ್ಡ. ಸಾಮಾನೆಲ್ಲ ಒಂದೆಡೆ ಇಟ್ಟು ನೋಡಿದರೆ ಪೆಟ್ಟಿಗೆ ಎತ್ತರ, ಪೀಠ ಅದರ ಮೊಣಕಾಲಿಗೆ ಬರುತ್ತಿತ್ತು. ನಾನು ಟೇಪು ತಂದು ಸೆಂಟಿಮೀಟರಿನಲ್ಲಿ ಬರೆದುಕೊಡೋಣ ಎಂದೆ. ಅವರು ಒಪ್ಪಲಿಲ್ಲ. "ಮರಳಗಾಡಿನ್ಯಾಗ ಯಾರ ಕಡೆ ಟೇಪ ಇತ್ತ್ರಿ ಸರ್? ಅವರೂ ಹಿಂಗ ಜಗಳಾಡಿರಬೇಕು" ಎಂದು ನಕ್ಕರು. ಅವರು ನಗುವುದು ಕಡಿಮೆ, ನಕ್ಕಾಗ ಚಷ್ಮಾ ಮೂಗಿನ ತುದಿಗೆ ಬರುತ್ತಿತ್ತು.

ದೀಪಸ್ತಂಭ ಅವರಿಗೆ ಕೊನೆಯ ತನಕ ಸಮಾಧಾನ ಕೊಡಲಿಲ್ಲ. ಅದನ್ನು ಒಂದೇ ಗಟ್ಟಿ ಬಂಗಾರದಿಂದ ಬಡಿದು ಮಾಡಬೇಕಂತೆ, ಎಲ್ಲಿಯೂ ಜೋಡಣೆ ಇರಬಾರದಂತೆ. ಇವರ ಸ್ತಂಭ ನೀರಿನ ಪೈಪಿನದು, ಕೊಂಬೆಗೊಂದು ಎಲ್ಬೋ ಹಾಕಿ ಜೋಡಿಸಿದ್ದು. ಬೇಗಡೆ ಸುತ್ತಿದರೂ ಎಲ್ಬೋ ಎಲ್ಬೋವೇ. ಪಾಠ ಹೇಳುವಾಗ ಅಲ್ಲಿ ಬಂದರೆ ಅವರ ದನಿ ಸ್ವಲ್ಪ ಇಳಿಯುತ್ತಿತ್ತು. ಮೇಜಿನ ರೊಟ್ಟಿಯ ವಿಷಯದಲ್ಲಿ ಮಾತ್ರ ಅವರಿಗೆ ಪೂರ್ತಿ ಜಯ. ಒಂದು ವಾರ ಮೇಜಿನ ಮೇಲಿದ್ದು ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನ ಬದಲಾಗುವ ರೊಟ್ಟಿ ಎಂದರೆ ಯಾವುದಿರಬಹುದು ಎಂದು ತಲೆ ಕೆಡಿಸಿಕೊಳ್ಳಲೇ ಇಲ್ಲ. ನನ್ನ ಹೆಂಡತಿಗೆ ಹೇಳಿ ಗರಿಗರಿಯಾಗಿ ಒಣಗಿಸಿದ ಕಟಕ ರೊಟ್ಟಿ ಮಾಡಿಸಿದರು. ವಾರವಲ್ಲ, ತಿಂಗಳಾದರೂ ಕೆಡಲಿಲ್ಲ. ಪಾಠ ಮುಗಿದ ಮೇಲೆ ಮಕ್ಕಳು ಅದನ್ನೇ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದರು.

ಗುಡಾರದ ಹೊದಿಕೆಗೆ ಆಡಿನ ಕೂದಲಿನ ಬಟ್ಟೆ ಬೇಕಿತ್ತು. ಇದನ್ನು ಕೇಳಲು ಅವರು ಚಿಮ್ಮಡಕ್ಕೆ ನಮ್ಮ ಕಾಕಾನ ಹತ್ತಿರ ತಾವೇ ಬಂದರು. ಕಾಕಾ ಜೀವಮಾನವಿಡೀ ಕುರಿ ಕಾಯ್ದವನು, ಬೀರಪ್ಪನ ಪಲ್ಲಕ್ಕಿಗೆ ಹೆಗಲು ಕೊಡುವವನು. ಆಡಿನ ಕೂದಲಿನಿಂದ ಹಗ್ಗ ಹೊಸೆಯುತ್ತಾರೆ, ಹೊದಿಕೆ ಬೇಕಾದರೆ ಕುರಿಯ ಉಣ್ಣೆಯ ಕಂಬಳಿ ಒಯ್ಯಿರಿ ಎಂದು ಒಂದು ಹಳೆಯ ಕರಿ ಕಂಬಳಿ ಕೊಟ್ಟ. ಪೆಟ್ಟಿಗೆಯನ್ನು ಕೋಲಿನ ಮೇಲೆ ಹೊರುತ್ತಿದ್ದರು, ಕೋಲನ್ನು ಎಂದೂ ತೆಗೆಯುತ್ತಿರಲಿಲ್ಲ ಎಂದು ಅಕ್ಕೋರು ಹೇಳಿದಾಗ ಅವನಿಗೆ ಭಾರಿ ಖುಷಿಯಾಗಿ, "ಹಂಗಾದ್ರ ನಿಮ್ಮ ದೇವರೂ ನಮ್ಮ ದೇವರೂ ಒಂದ ಆತು ಬಿಡ್ರಿ" ಎಂದ.

ಬೇರೆ ಯಾರಾದರೂ ಹೌದು ಹೌದು ಎನ್ನುತ್ತಿದ್ದರು. ಅಕ್ಕೋರು ಅನ್ನಲಿಲ್ಲ. "ಒಂದ ಅನ್ನೂ ಮಾತು ಬ್ಯಾಡ್ರಿ ಯಜಮಾನ್ರ. ನಿಮ್ದು ನಿಮಗ, ನಮ್ದು ನಮಗ. ಆದ್ರ ಹೆಗಲು ಎಲ್ಲಾರ್ದೂ ಒಂದ ಥರಾ ನೋಯ್ತೈತಿ" ಎಂದರು. ಕಾಕಾನಿಗೆ ಈ ಮಾತು ಇನ್ನೂ ಹೆಚ್ಚು ಹಿಡಿಸಿತು. ಆ ಮೇಲೆ ಅಕ್ಕೋರು ಬಂದರೆ ಹಾಲು ಕಾಯಿಸದೆ ಕಳಿಸುತ್ತಿರಲಿಲ್ಲ.

ಹೀಗೆ ಯಾರ ಮುಖ ನೋಡಿಯೂ ಮಾತು ಬದಲಿಸದ ಹೆಂಗಸು. ಅದೇ ಅವರಿಗೆ ಒಂದು ಕಡೆ ಮುಳುವಾಯಿತು.

ಮಗಳು ಬನಹಟ್ಟಿಯ ಒಬ್ಬ ನೇಕಾರರ ಮಗನನ್ನು ಜಮಖಂಡಿಯ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದಳು. ಮದುವೆಯಾಗಿ ಬಂದು ಹೇಳಿದಳು. ಹುಡುಗ ಬೇರೆ ಧರ್ಮದವನು ಎಂದು ಮಂದಿರದ ಹಿರಿಯರು ಗುಸುಗುಸು ಮಾಡಿದರು, ಆದರೆ ಅಕ್ಕೋರಿಗೆ ಹತ್ತಿದ ಮುಳ್ಳು ಅದಲ್ಲ. ನನ್ನೆದುರು ಒಮ್ಮೆ ಅಂದರು: "ಹುಡುಗ ಹೆಂಗ ಅನ್ನೂದು ನನಗ ಗೊತ್ತಿಲ್ಲ, ಇರಲಿ. ಹೇಳದ ಮಾಡಿದ್ಲು ಸರ್. ಹೇಳದ." ಆ ಕೊನೆಯ ಮಾತನ್ನು ಎರಡು ಸಲ ಅಂದರು. ಬನಹಟ್ಟಿಯ ಬೀಗರು ತಿಂಗಳೆರಡು ತಿಂಗಳು ಮುನಿಸಿಕೊಂಡಿದ್ದು ಆಮೇಲೆ ಸೊಸೆಯನ್ನು ಮನೆಗೆ ಕರೆದುಕೊಂಡರು. ಅಕ್ಕೋರು ಕರೆಯಲಿಲ್ಲ. ಮಗಳು ಕ್ರಿಸ್‌ಮಸ್ಸಿಗೆ ಮಂದಿರಕ್ಕೆ ಬಂದು ಕೊನೆಯ ಬೆಂಚಿನಲ್ಲಿ ಕೂತು ಎದ್ದು ಹೋದಳು, ಅವ್ವ ತಿರುಗಿ ನೋಡಲಿಲ್ಲ. ರಬಕವಿಗೂ ಬನಹಟ್ಟಿಗೂ ನಡುವೆ ಗಡಿ ಎಲ್ಲಿದೆ ಎಂದು ಅಲ್ಲಿಯವರಿಗೇ ಗೊತ್ತಾಗುವುದಿಲ್ಲ. ಆಟೋ ಹತ್ತಿ ಕೂತರೆ ಕೂತ ಹಾಗೆಯೇ ಇಳಿಯಬೇಕು. ಅಷ್ಟು ಹತ್ತಿರದಲ್ಲಿ ಅವ್ವ ಮಗಳು ಮಾತು ಬಿಟ್ಟು ಇದ್ದರು.

ಸಾಮಾನೆಲ್ಲ ತಯಾರಾದ ಮೇಲೆ ಉಳಿದದ್ದು ತೆರೆ. ಗುಡಾರದ ಒಳಕೋಣೆಯಲ್ಲಿ ಪೆಟ್ಟಿಗೆ, ಅದರ ಮುಂದೆ ನೀಲಿ, ನೇರಳೆ, ಕೆಂಪು ದಾರಗಳಿಂದ ನೇಯ್ದ ತೆರೆ. ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ಗಳಿಗೆಯಲ್ಲಿ, ಗುಡಾರದ ಬದಲು ಮುಂದೆ ಕಟ್ಟಿದ ಗುಡಿಯಲ್ಲಿದ್ದ ಅಂಥದೇ ತೆರೆ ಮೇಲಿನಿಂದ ಕೆಳಗಿನವರೆಗೆ ಹರಿಯಿತು ಎಂಬುದು ಅವರ ನಂಬಿಕೆ. ಶುಭ ಶುಕ್ರವಾರದ ದಿನ ಅಕ್ಕೋರು ಇದನ್ನು ಮಾಡಿ ತೋರಿಸುತ್ತಿದ್ದರು. ಅಲ್ಲಿಯವರೆಗೆ ಹಳೆಯ ಚಾದರವನ್ನೋ ಧೋತರವನ್ನೋ ಕಟ್ಟಿ, ಸ್ಟೂಲಿನ ಮೇಲೆ ಹತ್ತಿ ಹರಿಯುತ್ತಿದ್ದರು. ಮೇಲಿನಿಂದಲೇ ಹರಿಯಬೇಕು. ಕೆಳಗಿನಿಂದ ಹರಿದರೆ ಮನುಷ್ಯ ಹರಿದ ಹಾಗಾಗುತ್ತದೆ, ಮೇಲಿನಿಂದ ಹರಿದರೆ ದೇವರು ಹರಿದ ಹಾಗೆ. "ಆ ಸಪ್ಪಳ ಕೇಳಬೇಕ್ರಿ ಸರ್. ಒಮ್ಮೆ ಕೇಳಿದ್ರ ಹುಡುಗೂರು ಸಾಯೂತನಕ ಮರಿಯೂದಿಲ್ಲ" ಎನ್ನುತ್ತಿದ್ದರು. ಸವೆದ ಚಾದರದ ಸಪ್ಪಳ ಅವರಿಗೆ ಸಾಕೆನಿಸಿರಲಿಲ್ಲ. ನಿವೃತ್ತಿಯಾದ ವರ್ಷ ಖರೆ ತೆರೆಯನ್ನೇ ನೇಯಿಸಿ ಹರಿಯಬೇಕೆಂದು ಹಟ ಹಿಡಿದರು.

ಬನಹಟ್ಟಿಯಲ್ಲಿ ಪಾವರ್‌ಲೂಮುಗಳಿಗೇನು ಬರ. ಆದರೆ ಒಂದೇ ಒಂದು ತುಂಡನ್ನು, ಅದೂ ಮೂರು ಬಣ್ಣದಲ್ಲಿ, ಯಾರೂ ಯಂತ್ರಕ್ಕೆ ಹಾಕುವುದಿಲ್ಲ. ಅದಕ್ಕೆ ಕೈಮಗ್ಗ ಬೇಕು. ನಾನು ಕೇಳಿದವರೆಲ್ಲ ಒಂದೇ ಮನೆ ತೋರಿಸಿದರು. ಮಕ್ಕಳು ಪಾವರ್‌ಲೂಮ್ ಹಾಕಿದ್ದರೂ ಪಡಸಾಲೆಯಲ್ಲಿ ತನ್ನ ಕೈಮಗ್ಗ ಬಿಡದ ಒಬ್ಬ ಹಿರಿಯರ ಮನೆ. ಅವರು ಅಕ್ಕೋರ ಬೀಗರೇ. ನಾನು ಬಂದು ಹೇಳಿದಾಗ ಅಕ್ಕೋರು ಛತ್ರಿಯ ಹಿಡಿಕೆ ತಿರುವುತ್ತ, "ಯಾರ ಮನ್ಯಾಗರೆ ನೇಯಿಸ್ರಿ. ನನಗ ಹೆಸರು ಹೇಳಬ್ಯಾಡ್ರಿ" ಎಂದರು.

ಹೋದೆ. ಬೀಗರು ಮಗ್ಗದಲ್ಲಿ ಕೂತಿದ್ದರು. ನಾನು ಮಾತು ಶುರು ಮಾಡುವ ಮೊದಲೇ, "ಯಾರ ಸಲುವಾಗಿ ಬಂದೀರಿ ಅನ್ನೂದು ಗೊತ್ತೈತ್ರಿ. ಬಣ್ಣ ಹೇಳ್ರಿ" ಎಂದರು. ಹೇಳಿದೆ. ಒಳಗಿನಿಂದ ನೂಲಿನ ಲಡಿಗಳನ್ನು ತಂದು ಒಂದರ ಪಕ್ಕ ಒಂದು ಇಟ್ಟು ತೋರಿಸಿದರು. ಐದು ಮೊಳ ಉದ್ದ ಎಂದೆ. ಆಗಲಿ ಎಂದರು. ಮೇಲೆ ಕೆಳಗೆ ಅಂಚು ಬೇಕೋ ಹೇಗೆ, ಏನಕ್ಕೆ ಹಾಕುತ್ತಾರೆ ಇದನ್ನು ಎಂದು ಕೇಳಿದರು.

"ಶುಭ ಶುಕ್ರವಾರ ದಿನ ಮಂದಿ ಮುಂದ ಹರೀತಾರ್ರಿ" ಎಂದೆ.

ಅವರು ಕೈಯಲ್ಲಿದ್ದ ನೀಲಿ ಲಡಿಯನ್ನು ಕೆಳಗಿಟ್ಟರು. "ಹರಿಯಾಕ ನೇಯಬೇಕೇನ್ರಿ?"

ಅವರೇ ಮುಂದುವರಿಸಿದರು. "ನನ್ನ ಜೀವನಾ ಎಲ್ಲ ಕಡದ ಎಳಿಗೆ ಗಂಟ ಹಾಕೂದರಾಗ ಹೋಗೇತ್ರಿ. ಮಗ್ಗದ ಮುಂದ ಕುಂತ್ರ ಕಣ್ಣು ಅಲ್ಲೇ ಇರ್ತೈತಿ, ಎಲ್ಲಿ ಎಳಿ ಕಡೀತು, ಎಲ್ಲಿ ಜೋಡಸಬೇಕು. ನನ್ನ ಮನ್ಯಾಗ ಒಂದು ಒರಸೂ ಅರಿವಿ ಸುದ್ದಾ ಕೈಯಿಂದ ಹರಿಯೂದಿಲ್ಲ. ನಮ್ಮ ಅಪ್ಪ ಹರಿಯಾಕ ಬಿಡತಿದ್ದಿಲ್ಲ. ನೀವು ಹರಿಯಾಕ ನೇಯಿ ಅಂದ್ರ ಹೆಂಗ್ರಿ?"

ಅಕ್ಕೋರು ಪಾಠದಲ್ಲಿ ಹೇಳುತ್ತಿದ್ದುದನ್ನು ನನಗೆ ತಿಳಿದಷ್ಟು ಹೇಳಿದೆ. ಆ ತೆರೆಯ ಹಿಂದೆ ದೇವರ ಪೆಟ್ಟಿಗೆ ಇರುತ್ತದೆ. ವರ್ಷಕ್ಕೊಂದು ದಿನ ದೊಡ್ಡ ಪೂಜಾರಿ ಒಬ್ಬನೇ ಒಳಗೆ ಹೋಗಬೇಕು. ಉಳಿದವರೆಲ್ಲ ಹೊರಗೆ. ತೆರೆ ಹರಿದ ಮೇಲೆ ಹೊರಗಿನವರು ಎಂದು ಯಾರೂ ಉಳಿಯಲಿಲ್ಲ ಎಂದು ಅರ್ಥ.

"ಯಾರೂ ಉಳೀಲಿಲ್ಲ?"

"ಇಲ್ರಿ."

"ಮತ್ತ ಅವರ ಮಗಳು ಯಾಕ ಹೊರಗ ಅದಾಳ್ರಿ?"

ಒಳಗೆ ಪಾತ್ರೆ ತೊಳೆಯುವ ಸಪ್ಪಳ ಬರುತ್ತಿತ್ತು, ಅದು ನಿಂತಿತು. ಬೀಗರು ಸಿಟ್ಟಿನಿಂದ ಕೇಳಿದ್ದಲ್ಲ. ನೂಲಿನ ಬಣ್ಣ ಕೇಳಿದ ದನಿಯಲ್ಲೇ ಕೇಳಿದರು. ಆಮೇಲೆ ಲಡಿಗಳನ್ನು ಎತ್ತಿಕೊಂಡು ಒಳಗೆ ಹೋದರು.

ನಾನು ರಬಕವಿಗೆ ಬಂದು ಇದ್ದದ್ದು ಇದ್ದ ಹಾಗೆ ಅಕ್ಕೋರಿಗೆ ಹೇಳಿದೆ. ಮುಚ್ಚಿಟ್ಟು ಹೇಳಿದರೆ ಅವರಿಗೆ ಗೊತ್ತಾಗುತ್ತಿತ್ತು. ಅವರು ಚಷ್ಮಾ ತೆಗೆದು ಸೆರಗಿನಿಂದ ಒರೆಸಿದರು. "ನೂಲಿನ ಬಣ್ಣ ಛಲೋ ಇದ್ದವೇನ್ರಿ?" ಎಂದು ಕೇಳಿದರು. ಛಲೋ ಇದ್ದವು ಎಂದೆ. ಅಂದು ಚಹಾ ಕೊಡುವುದನ್ನೂ ಮರೆತರು. ಆ ವರ್ಷದ ಶುಭ ಶುಕ್ರವಾರ ಅವರು ತೆರೆಯ ಪಾಠ ಮಾಡಲಿಲ್ಲ. ಮಕ್ಕಳು ಕೇಳಿದರೆ, ಬಟ್ಟೆ ಸಿಗಲಿಲ್ಲ ಎಂದರಂತೆ. ನಾನು ಅವರನ್ನು ಬಹಳ ವರ್ಷ ನೋಡಿದ್ದೆ. ಅವರ ಬಾಯಿಂದ ಸುಳ್ಳು ಬಂದದ್ದು ನನಗೆ ಗೊತ್ತಿರುವ ಮಟ್ಟಿಗೆ ಅದೊಂದೇ. ಕೇಳಿ ಕೆಟ್ಟದೆನಿಸಿತು.

ಮಳೆಗಾಲ ಕಳೆದು ಜೋಳ ಬಿತ್ತುವ ಹೊತ್ತಿಗೆ ಒಂದು ಸಂಜೆ ಫೋನ್ ಬಂತು. "ಸರ್, ಬನಹಟ್ಟಿಗೆ ಬಿಡ್ತೀರೇನು?" ಎಲ್ಲಿಗೆ ಎಂದು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬೈಕಿನ ಮೇಲೆ ಒಂದು ಕಡೆ ಕಾಲು ಹಾಕಿ ಕೂತು ಛತ್ರಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಬೀಗರ ಮನೆಯ ಮುಂದೆ ಇಳಿದು ಸೀರೆ ಸರಿಮಾಡಿಕೊಂಡರು. ಬಾಗಿಲಿಗೆ ಬಂದವಳು ಮಗಳೇ.

"ನೂಲ ನೋಡಾಕ ಬಂದೇನಿ" ಎಂದ ಅಕ್ಕೋರು ಹೊಸ್ತಿಲ ಹೊರಗೆ ನಿಂತರು.

ಮಗಳು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ಹೊರಗಿನಿಂದ ಬಂದವರಿಗೆ ಕಾಲಿಗೆ ನೀರು ಕೊಡುವುದು ನಮ್ಮ ಕಡೆಯ ರೂಢಿ. ತಂಬಿಗೆ ಕೈಗೆ ಕೊಡುತ್ತಾರೆ, ಬಂದವರು ತಾವೇ ಹಾಕಿಕೊಳ್ಳುತ್ತಾರೆ. ಇವಳು ಕೊಡಲಿಲ್ಲ. ಬಗ್ಗಿ ತಾನೇ ಹಾಕತೊಡಗಿದಳು.

"ನನಗ ಹೇಳಬೇಕಾಗಿತ್ತು" ಎಂದರು ಅಕ್ಕೋರು, ಕಾಲು ನೋಡುತ್ತ.

"ಹೇಳಿದ್ರ ಬ್ಯಾಡ ಅಂತಿದ್ದಿ ಅವ್ವಾ."

"ಅಂತಿದ್ದೆ. ಆದ್ರೂ ಹೇಳಬೇಕಾಗಿತ್ತು."

"ಹೌದು" ಎಂದಳು ಮಗಳು. "ತಪ್ಪಾತು."

"ನಂದೂ ಭಾಳ ಆತು" ಎಂದರು ಅಕ್ಕೋರು. "ನೀರು ಸಾಕು, ಕಾಲ ನೆನದು ಹೋದುವು."

ಒಳಗೆ ಹೋದರು. ನಾನು ಛತ್ರಿ ಹಿಡಿದುಕೊಂಡು ಹಿಂದೆ ಹೋದೆ. ಅಳು, ಅಪ್ಪುಗೆ ಏನೂ ಇರಲಿಲ್ಲ. ಬೀಗರು ಮಗ್ಗದಿಂದ ಎದ್ದು ಬಂದು, "ಬರ್ರಿ, ಕುಂದರ್ರಿ" ಎಂದರು. ಚಹಾ ಬಂತು, ಅವಲಕ್ಕಿ ಬಂತು. ತೆರೆಯ ಮಾತು ಬೀಗರೇ ಎತ್ತಿದರು. "ನೇಯ್ತೇನ್ರಿ ಅಕ್ಕೋರ. ಹರಿಯೂದು ಮಾತ್ರ ಬ್ಯಾಡ್ರಿ. ನನ್ನ ಕೈ ಒಪ್ಪೂದಿಲ್ಲ."

ಅಕ್ಕೋರು ಚಹಾದ ಬಟ್ಟಲು ಕೆಳಗಿಟ್ಟು, ಮಗ್ಗದ ಮೇಲಿದ್ದ ನೇಯ್ಗೆಯನ್ನು ಮುಟ್ಟಿ ನೋಡಿದರು. ಅವರಿಗೆ ಆ ಸಪ್ಪಳ ಎಷ್ಟು ಬೇಕಾಗಿತ್ತು ಎಂದು ನನಗೆ ಗೊತ್ತಿತ್ತು. ಕೊನೆಗೆ, "ಹರಿಯೂದು ಒಮ್ಮೆ ಆಗಿ ಹೋಗೇತ್ರಿ ಬೀಗ್ರ. ವರ್ಷಾ ವರ್ಷಾ ಹರಿಯಬೇಕು ಅಂತೇನಿಲ್ಲ. ನಾ ಸರಿಸಿ ತೋರಸ್ತೇನಿ" ಎಂದರು. ಬೀಗ್ರ ಎಂದು ಅವರು ಕರೆದದ್ದು ಅದೇ ಮೊದಲು.

ತೆರೆ ತಯಾರಾಗಿ ಬಂದಾಗ ನಮಗೆಲ್ಲ ನಗು. ಬೀಗರದು ಉದ್ದನ್ನ ಕೈ. ಅವರೂ ತಮ್ಮ ಮೊಳಕೈಯಿಂದಲೇ ಅಳೆದಿದ್ದರು. ಕಟ್ಟಿದರೆ ಒಂದು ಗೇಣಿಗಿಂತ ಹೆಚ್ಚು ನೆಲದ ಮೇಲೆ ಬಿದ್ದಿತು. ಕತ್ತರಿಸಿ ಹೊಲಿಸೋಣವೇ ಎಂದೆ. ಅಕ್ಕೋರು ನನ್ನನ್ನು ದಿಟ್ಟಿಸಿ ನೋಡಿ, "ಬೀಗರ ಮೊಳ ನನ್ನ ಮೊಳಕ್ಕಿಂತ ದೊಡ್ಡದರಿ ಸರ್. ಇರಲಿ ಬಿಡ್ರಿ" ಎಂದರು. ನೇಯ್ಗೆ ಎಷ್ಟು ಬಿಗಿಯಾಗಿತ್ತೆಂದರೆ ಬೆಳಕಿಗೆ ಹಿಡಿದರೂ ಆಚೆ ಏನೂ ಕಾಣುತ್ತಿರಲಿಲ್ಲ. ನೀಲಿಯಿಂದ ನೇರಳೆಗೆ, ನೇರಳೆಯಿಂದ ಕೆಂಪಿಗೆ ಬರುವ ಕಡೆ ಎಲ್ಲಿ ಬದಲಾಯಿತು ಎಂದು ಹುಡುಕಬೇಕಿತ್ತು.

ಆ ಶುಭ ಶುಕ್ರವಾರ ಬೀಗರು, ಅಳಿಯ, ಮಗಳು ಮಂದಿರದಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಹೊರಗಿನವರನ್ನು ಮುಂದೆ ಕೂರಿಸುವುದು ಸರಿಯೇ ಎಂದು ಒಬ್ಬ ಹಿರಿಯರು ಬಂದು ಅಕ್ಕೋರ ಕಿವಿಯಲ್ಲಿ ಕೇಳಿದರು. ಈಗ ನನಗೆ ಫೋನ್ ಮಾಡಿದವರು ಅವರೇ. ಅಕ್ಕೋರು ತೆರೆಯನ್ನು ಆಗಷ್ಟೇ ಸರಿಸಿ ನಿಂತಿದ್ದರು. ಛತ್ರಿ ಎತ್ತಿ, ಸರಿಸಿದ ತೆರೆಯನ್ನು ಅದರ ತುದಿಯಿಂದ ತೋರಿಸಿದರು. ಹಿರಿಯರು ಹೋಗಿ ತಮ್ಮ ಜಾಗದಲ್ಲಿ ಕೂತರು. ಮುಂದಿನ ವರ್ಷಗಳಲ್ಲಿಯೂ ಅಕ್ಕೋರು ತೆರೆಯನ್ನು ಸರಿಸಿಯೇ ತೋರಿಸಿದರು. ಮಕ್ಕಳು ಅದನ್ನು ಎಷ್ಟು ನೆನಪಿಟ್ಟುಕೊಂಡರೋ ಗೊತ್ತಿಲ್ಲ. ಸಪ್ಪಳವಿಲ್ಲದ ಪಾಠ.

ಕೊನೆಯ ತಿಂಗಳುಗಳನ್ನು ಅವರು ಬನಹಟ್ಟಿಯಲ್ಲಿ ಮಗಳ ಮನೆಯಲ್ಲೇ ಕಳೆದರು. ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು, ಮಗಳು ನರ್ಸ್ ಆದ್ದರಿಂದ ಅವರಿಗೆ ಯಾರೂ ಸುಳ್ಳು ಸಮಾಧಾನ ಹೇಳಬೇಕಾಗಲಿಲ್ಲ. ಪಡಸಾಲೆಯಲ್ಲಿ ಮಗ್ಗದ ಎದುರಿಗೇ ಅವರ ಮಂಚ. ನಾನು ಹೋದಾಗಲೆಲ್ಲ, "ಇಲ್ಲಿ ಸಪ್ಪಳ ಭಾಳ ಐತ್ರಿ ಸರ್" ಎಂದು ದೂರುತ್ತಿದ್ದರು. ಬೀಗರು ಮಗ್ಗ ನಿಲ್ಲಿಸಿದರೆ, "ಯಾಕ ನಿಂದ್ರಸಿದ್ರಿ?" ಎಂದು ಕೇಳುತ್ತಿದ್ದರು. ಒಂದು ದಿನ ನನ್ನ ಕಡೆ ತಿರುಗಿ, ಕೈಯಲ್ಲಿ ಛತ್ರಿ ಇಲ್ಲದ್ದಕ್ಕೆ ಬೆರಳಿನಿಂದಲೇ ಮೂಳೆಯಾಗಿದ್ದ ತಮ್ಮ ಎದೆ ತೋರಿಸಿ, "ನೆರಳು ಮುಗೀಲಿಕ್ಕೆ ಬಂತ್ರಿ" ಎಂದರು. ನಾನು ಏನೋ ಒಂದು ಸಾಲಿಯ ಸುದ್ದಿ ತೆಗೆದೆ. ಅವರು ಸುಮ್ಮನೆ ಕೇಳಿಸಿಕೊಂಡರು.

ಸಾಮಾನಿನ ವಿಷಯಕ್ಕೆ ನಾನು ಹಿರಿಯರಿಗೆ ಹೇಳಿದ್ದು ಇಷ್ಟೇ: ಇರಲಿ ಬಿಡ್ರಿ, ಹುಡುಗರಿದ್ದಾರೆ, ಯಾರಾದರೂ ಮುಂದೆ ಪಾಠ ಹೇಳುತ್ತಾರೆ. ಕಂಬಳಿಯನ್ನು ಬಿಸಿಲಿಗೆ ಹಾಕಿ ಬಂದೆ. ತೆರೆ ಇಲ್ಲದಿದ್ದರೂ ಆ ಪಾಠ ನಡೆಯುತ್ತದೆ.

ತೆರೆ ಹೋದದ್ದು ಅಕ್ಕೋರ ಮಣ್ಣಿನ ದಿನ. ಮಗಳು ಅದನ್ನು ಮಂದಿರದಿಂದ ತರಿಸಿ ಅವ್ವನ ಶವಪೆಟ್ಟಿಗೆಯ ಮೇಲೆ ಹೊದಿಸಿದ್ದಳು. ಇಲ್ಲಿಯೂ ಅದು ಉದ್ದವಾಗಿ ಎರಡೂ ಕಡೆ ಜೋತುಬಿದ್ದಿತ್ತು. ಬಂದವರಲ್ಲಿ ನಮ್ಮ ಕಾಕಾನೂ ಇದ್ದ. ಪೆಟ್ಟಿಗೆಗೆ ಹೆಗಲು ಕೊಟ್ಟ. ಪ್ರಾರ್ಥನೆ ಮುಗಿಯಿತು. ಕುಣಿಗೆ ಇಳಿಸುವ ಮೊದಲು ತೆರೆಯನ್ನು ತೆಗೆದು ಮಂದಿರಕ್ಕೆ ವಾಪಸು ಕೊಡಬೇಕೆಂದು ಹಿರಿಯರು ಕೈ ಹಾಕಿದರು.

"ತಡೀರಿ" ಎಂದರು ಬೀಗರು. ಮುಂದೆ ಬಂದು ಹಿರಿಯರ ಕೈಯಿಂದ ತೆರೆಯನ್ನು ಇಸಿದುಕೊಂಡರು. ಮಗಳ ಕಡೆ ನೋಡಿದರು. ಅವಳು ತಲೆಯಾಡಿಸಿದಳು. "ಅಕ್ಕೋರು ನನ್ನ ಸಲುವಾಗಿ ಹರೀಲಿಲ್ಲರಿ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಆಮೇಲೆ ಮೇಲಿನ ಅಂಚನ್ನು ಬಾಯಿಗೆ ತಂದು ಹಲ್ಲಿನಿಂದ ಕಚ್ಚಿ, ಎರಡೂ ಕೈಯಲ್ಲಿ ಹಿಡಿದು ಎಳೆದರು. ಗಟ್ಟಿ ನೇಯ್ಗೆ, ಒಮ್ಮೆಗೆ ಬರಲಿಲ್ಲ. ಇನ್ನೊಮ್ಮೆ ಎಳೆದರು. ಆಗ ಆ ಸಪ್ಪಳ ಬಂತು. ಅಷ್ಟು ಜನರಿದ್ದರೂ ಮಾತಿರಲಿಲ್ಲ, ಅದೊಂದೇ ಸಪ್ಪಳ ಮೇಲಿನಿಂದ ಕೆಳಗಿನ ತನಕ ಹೋಯಿತು. ಅಕ್ಕೋರು ಹೇಳಿದ್ದು ಖರೆ, ಅದು ಮರೆಯುವಂಥದ್ದಲ್ಲ. ನಾನು ಅಲ್ಲಿಯೇ ಅತ್ತೆ.

ಒಂದು ಅರ್ಧವನ್ನು ಬೀಗರು ಪೆಟ್ಟಿಗೆಯ ಮೇಲೆ ಹೊದಿಸಿ ಅವರ ಜೊತೆಗೇ ಇಳಿಸಿದರು. ಇನ್ನೊಂದನ್ನು ಸೊಸೆಯ ಹೆಗಲ ಮೇಲೆ ಹಾಕಿದರು. ನಾವೆಲ್ಲ ಸರದಿಯಲ್ಲಿ ಒಂದೊಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದೆವು. ಬೀಗರು ಮಾತ್ರ ಸೊಸೆಯ ಪಕ್ಕದಲ್ಲೇ ನಿಂತಿದ್ದರು. ಅವಳ ಹೆಗಲಿಂದ ಜೋತುಬಿದ್ದ ಹರಿದ ಅಂಚು ಅವರ ಕೈಯಲ್ಲಿತ್ತು. ಅವರು ಕುಣಿಯ ಕಡೆ ನೋಡುತ್ತಿದ್ದರು. ಬೆರಳುಗಳು ಮಾತ್ರ ತಮ್ಮಷ್ಟಕ್ಕೆ ತಾವೇ ಆ ಅಂಚಿನಲ್ಲಿ ಕಡಿದ ಎಳೆಗಳನ್ನು ಹುಡುಕಿ, ಒಂದಕ್ಕೊಂದು ಗಂಟು ಹಾಕುತ್ತಿದ್ದವು.